ನೀಲಿ ಪೆಟ್ಟಿಗೆ ಕೊಡ ಬೇಡ

೧

ಈ ಕಥೆಯನ್ನು ಎಲ್ಲಿಂದ ಹಿಡಿದು ಎತ್ತಬೇಕೋ ತಿಳಿಯುತ್ತಿಲ್ಲ. ತುಂಬಿ ತುಳುಕುವ ಬೀರುವಿನ ಹಾಗಿದೆ ಇದು. ಒಂದನ್ನು ಎಳೆದರೆ ಮೇಲಿನದ್ದೆಲ್ಲ ತಲೆಯ ಮೇಲೆ ಬೀಳುತ್ತದೆ. ಆಸ್ಪತ್ರೆಯಿಂದ ಶುರು ಮಾಡಿದರೆ ಯಾರೋ ಸಾಯುತ್ತಾರೆ ಅಂದುಕೊಂಡು ನೀವು ಕರವಸ್ತ್ರ ಹುಡುಕುತ್ತೀರಿ. (ಯಾರೂ ಸಾಯುವುದಿಲ್ಲ. ಸಾಯಬೇಕಾದವರು ಕಥೆಗಿಂತ ಹನ್ನೊಂದು ವರ್ಷ ಮೊದಲೇ ಸತ್ತಿದ್ದಾರೆ.) ಕೋಣೆಯಿಂದ ಶುರು ಮಾಡೋಣವೆಂದರೆ ಅದರೊಳಗೆ ಕಾಲಿಡಲು ಜಾಗವಿಲ್ಲ.

ಸರಿ, ಜಾಗವಿಲ್ಲ ಅನ್ನುವುದರಿಂದಲೇ ಶುರುವಾಗಲಿ.

ಒಂದು ಮನೆ. ಅದರಲ್ಲಿ ಇಬ್ಬರು ಹೆಂಗಸರು, ಅತ್ತಿಗೆ ಮತ್ತು ನಾದಿನಿ. ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ತೀರಿಕೊಂಡ ಮೇಲೂ ಇಬ್ಬರೂ ಬೇರೆಯಾಗಲಿಲ್ಲ. ಬೇರೆಯಾಗುವ ಮಾತು ಯಾರೂ ಎತ್ತಲೂ ಇಲ್ಲ. ಅತ್ತಿಗೆ ಬಟ್ಟೆ ಕಾರ್ಖಾನೆಯ ಮಡಿಕೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಅಂಗಿ ಮಡಚಿದವಳು. ನಾದಿನಿ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವಳು. ಅರವತ್ತೆಂಟು ತುಂಬಿದ ಈ ನಾದಿನಿಯನ್ನು ಅತ್ತಿಗೆ ಇವತ್ತಿಗೂ ಪುಟ್ಟಿ ಅನ್ನುತ್ತಾಳೆ. ನಾನೂ ಹಾಗೇ ಅನ್ನುತ್ತೇನೆ, ಸಲಿಗೆಗೆ ಕ್ಷಮೆಯಿರಲಿ.

ಪುಟ್ಟಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಫಿಸಿಯೋ ಹುಡುಗಿ ಒಂದು ಮಧ್ಯಾಹ್ನ ಮನೆಗೆ ಬಂದು ಪುಟ್ಟಿಯ ಕೋಣೆಯನ್ನು ಟೇಪಿನಲ್ಲಿ ಅಳೆದಳು. ಮಂಚದಿಂದ ಬಾಗಿಲವರೆಗೆ ವಾಕರ್ ಬರಲು ಮೂರಡಿ ದಾರಿ ಬೇಕು. ಇದ್ದದ್ದು ಹತ್ತೊಂಬತ್ತು ಇಂಚು. ಶನಿವಾರದೊಳಗೆ ದಾರಿ ಬಿಡಿಸದಿದ್ದರೆ ಪುಟ್ಟಿಯನ್ನು ಮನೆಗಲ್ಲ, ಆರೈಕೆ ಕೇಂದ್ರಕ್ಕೆ ಕಳಿಸುತ್ತೇವೆ ಅಂದಳು. ಎಷ್ಟು ದಿನಕ್ಕೆ ಅಂತ ಕೇಳಿದರೆ, ನೋಡೋಣ ಅಂದಳು.

ನೋಡೋಣ ಅನ್ನುವ ಮಾತು ಅತ್ತಿಗೆಗೆ ಹಿಡಿಸಲಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: ಪುಟ್ಟಿ ಮನೆಗೆ ಬರಬೇಕು, ಬಂದಾಗ ಅದು ಪುಟ್ಟಿಯ ಮನೆಯಾಗಿಯೇ ಇರಬೇಕು.

೨

ಮೊದಲ ಡ್ರಾಫ್ಟಿನಲ್ಲಿ ನಾನು ಹೀಗೆ ಬರೆದಿದ್ದೆ: "ಸೆರಗು ಸಿಕ್ಕಿಸಿಕೊಂಡು ನಿಂತವಳು ಸಂಜೆಯೊಳಗೆ ಕೋಣೆಯನ್ನು ಕನ್ನಡಿಯ ಹಾಗೆ ಮಾಡಿಬಿಟ್ಟಳು. ಬೇಡದ್ದೆಲ್ಲ ಹೋಯಿತು. ಅವಳ ಮನಸ್ಸೂ ಹಗುರಾಯಿತು."

ಚೆನ್ನಾಗಿದೆ ಅಂದುಕೊಂಡು ಲೋಟ ತೊಳೆಯಲು ಎದ್ದೆ. ಬಂದು ನೋಡಿದರೆ ಅತ್ತಿಗೆ ಹಾಳೆಯ ಅಂಚಿನಲ್ಲಿ ಕಾಲು ನೀಡಿ ಕೂತಿದ್ದಾಳೆ.

"ಅಕ್ಕಾ, ಒಂದು ಬೀರು ಖಾಲಿ ಮಾಡೋಕೆ ನನಗೆ ಎರಡು ದಿನ ಹಿಡೀತು. ನೀನು ಕೋಣೆಗೆ ಕೋಣೇನೇ ಎರಡು ಸಾಲಲ್ಲಿ ಮುಗಿಸಿಬಿಟ್ಟೆ. ಈ ಮೊಣಕಾಲು ಯಾರದ್ದು, ನಿಂದಾ ನಂದಾ?"

ಹೊಡೆದುಹಾಕಿದೆ. ಮೊಣಕಾಲಿನ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ.

೨ (ಮತ್ತೆ, ಈ ಸಲ ಮೊಣಕಾಲು ಸಮೇತ)

ಪುಟ್ಟಿಯ ಕೋಣೆಯಲ್ಲಿ ಇದ್ದದ್ದು ಕಸವಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಇಲ್ಲವಾದರೆ ಅವಳೇ ಬಂದು ಜಗಳ ತೆಗೆಯುತ್ತಾಳೆ. ಕಾಗದ ವಿಂಗಡಿಸಿದವಳ ಕಣ್ಣಿಗೆ ಲೋಕದಲ್ಲಿ ಬೇಡದ್ದು ಅನ್ನುವುದಿಲ್ಲ. ವಿಳಾಸ ಇನ್ನೂ ಸಿಗದ್ದು ಅಂತ ಇರುತ್ತದೆ, ಅಷ್ಟೆ. ಈ ಹೊದಿಕೆ ಯಾರಿಗಾದರೂ ಬೇಕಾದೀತು. ಈ ತೊಟ್ಟಿಲ ಬಟ್ಟೆ ಯಾರ ಮಗುವಿಗಾದರೂ ಆದೀತು. ಬೇಕಾದೀತು, ಆದೀತು ಅಂತ ಮೂವತ್ತು ವರ್ಷದಲ್ಲಿ ಸೂರಿನವರೆಗೆ ಬೆಳೆದಿತ್ತು.

ಆಸ್ಪತ್ರೆಯ ಮಂಚದ ಮೇಲೆ ಕೂತು ಪುಟ್ಟಿಯೇ ಪಟ್ಟಿ ಬರೆದುಕೊಟ್ಟಳು, ಔಷಧಿ ಚೀಟಿಯ ಬೆನ್ನಿಗೆ, ಹದಿನಾಲ್ಕು ಸಾಲು. ಹಳೇ ಹೊದಿಕೆ ಬೇಡ. ಸಣ್ಣ ಸ್ಟೂಲು ಬೇಡ. ಕಿಟಕಿ ಪರದೆ ಬೇಡ. ಹೀಗೆ. ಬರೆಯುವಾಗ ಒಂದೊಂದು ಸಾಲಿಗೂ ಪೆನ್ನು ನಿಲ್ಲಿಸಿ ಸೂರು ನೋಡುತ್ತಿದ್ದಳಂತೆ. ಅತ್ತಿಗೆ ಹೇಳಿದ್ದು.

ಅತ್ತಿಗೆ ಪಟ್ಟಿ ಹಿಡಿದು ಕೆಲಸಕ್ಕೆ ಇಳಿದಳು. ಮೊದಲು ಫೋನು ಮಾಡಿದ್ದು ದಾನದ ಕೇಂದ್ರಕ್ಕೆ. ನಿಮಗೆ ಏನು ಬೇಕು ಅಂತ ಕೇಳಿದಳು. ಅತ್ತ ಕಡೆಯವರು ಇದನ್ನ ಯಾರೂ ಕೇಳೋದಿಲ್ಲಮ್ಮ ಅಂದರು. ಹೊದಿಕೆ ಬೇಕು, ಪಾತ್ರೆ ಬೇಕು, ಮಕ್ಕಳ ಚಪ್ಪಲಿ ಬೇಕು. ಹರಿದದ್ದು, ಒಡೆದದ್ದು, ಅರ್ಧ ಖಾಲಿಯಾದ ಮಾತ್ರೆ ಬೇಡ. ಅತ್ತಿಗೆ ಹೊದಿಕೆ ಒಗೆದು ಎರಡು ಬಿಸಿಲು ತೋರಿಸಿದಳು. ಉದುರಿದ ಗುಂಡಿ ಹೊಲಿದಳು. ಚಪ್ಪಲಿಗಳನ್ನು ಜೋಡಿ ತಪ್ಪದ ಹಾಗೆ ದಾರದಲ್ಲಿ ಕಟ್ಟಿದಳು. ಪ್ರತಿ ಜೇಬಿಗೂ ಕೈ ಹಾಕಿ ನೋಡಿದಳು. ಒಂದು ಜೇಬಿನಲ್ಲಿ ಹಲ್ಲು ಉದುರಿದ ಬಾಚಣಿಗೆ ಸಿಕ್ಕಿತು, ಅದು ಪಟ್ಟಿಯಲ್ಲಿ ಇಲ್ಲದ್ದರಿಂದ ತೆಗೆದಿಟ್ಟಳು.

ಅಷ್ಟು ಜೋಪಾನ. ಹಾಗಿದ್ದೂ ತಪ್ಪಾಯಿತು.

ಹದಿನಾಲ್ಕನೇ ಸಾಲು ಹೀಗಿತ್ತು:

ನೀಲಿ ಪೆಟ್ಟಿಗೆ ಕೊಡ ಬೇಡ

ನೀವು ಒಂದೇ ಏಟಿಗೆ ಸರಿಯಾಗಿ ಓದಿದಿರೋ ಏನೋ. ಅತ್ತಿಗೆ ಓದಲು ಕಲಿತದ್ದು ನಲವತ್ತೆಂಟರ ನಂತರ, ಕೆಲಸ ಮುಗಿಸಿ ಹೋಗುತ್ತಿದ್ದ ಸಂಜೆ ಕ್ಲಾಸಿನಲ್ಲಿ. (ನಾನೂ ಅಂಥದ್ದೇ ಬೆಂಚಿನ ಮೇಲೆ ಕೂತವಳು. ಅದಕ್ಕೇ ಈ ತಪ್ಪು ಕಂಡರೆ ನನಗೆ ನಗು ಬರುವುದಿಲ್ಲ.) ನಮ್ಮಂಥವರಿಗೆ ಮೊದಲು ಹೇಳಿಕೊಟ್ಟದ್ದು ಒಂದೇ: ಜಾಗ ಬಿಟ್ಟಿದ್ದರೆ ಅಲ್ಲಿಗೆ ಒಂದು ಪದ ಮುಗಿಯಿತು, ಉಸಿರು ತಗೊಳ್ಳಿ, ಮುಂದಿನ ಪದಕ್ಕೆ ಹೋಗಿ. ಅತ್ತಿಗೆ ಬೆರಳಿಟ್ಟು ಓದಿದಳು. ನೀಲಿ. ಪೆಟ್ಟಿಗೆ. ಕೊಡ. ಬೇಡ. ಅಂದರೆ ನೀಲಿ ಪೆಟ್ಟಿಗೆಯೂ ಬೇಡ, ನೀರಿನ ಕೊಡವೂ ಬೇಡ.

ಪುಟ್ಟಿಯದ್ದೂ ತಪ್ಪಲ್ಲ. ಚೌಕದೊಳಗೊಂದು ಪದ ಅಂತ ಜೀವನವೆಲ್ಲ ಫಾರಂ ತುಂಬಿದ ಕೈ ಅದು. ಕೊಡಬೇಡ ಅನ್ನುವುದನ್ನೂ ಎರಡು ಚೌಕಕ್ಕೆ ಹಂಚಿತು.

ಪೆಟ್ಟಿಗೆ ಮಂಚದ ಕೆಳಗಿತ್ತು. ತಗಡಿನದ್ದು, ಬೀಗ ಹಾಕಿತ್ತು, ಬೀಗದ ಕೈ ಕಾಣಲಿಲ್ಲ. ಬೇಡ ಅಂತ ಬರೆದಿದ್ದಾಳಲ್ಲ ಅಂತ ಹಾಗೇ ಕಟ್ಟಿಸಿದಳು. ಕೊಡ ಹುಡುಕಲು ಅಡುಗೆಮನೆಗೆ ಹೋಗಬೇಕಾಯಿತು. ಸ್ಟೀಲಿನದ್ದು, ಒಂದು ನೆಗ್ಗಿಲ್ಲ. ಯಾಕೆ ಬೇಡ ಅಂದಳೋ ಎಂದುಕೊಂಡೇ ಬೆಳಗಿ ಕೊಟ್ಟಳು. ಬುಧವಾರ ಕೇಂದ್ರದ ಗಾಡಿ ಬಂದು ಎಲ್ಲ ಒಯ್ದಿತು. ದಾರಿ ಅಳೆದಳು: ಮೂರಡಿ ಎರಡು ಇಂಚು.

೩

ಗುರುವಾರ ಆಸ್ಪತ್ರೆಯಲ್ಲಿ ಅತ್ತಿಗೆ ವರದಿ ಒಪ್ಪಿಸಿದಳು. ನೀನು ಬರೆದದ್ದರಲ್ಲಿ ಒಂದು ಅಕ್ಷರ ಬಿಟ್ಟಿಲ್ಲ ಅಂದಳು. ಪುಟ್ಟಿಗೆ ಸಮಾಧಾನವಾಯಿತು. ಅತ್ತಿಗೆಯ ಕೈ ಹಿಡಿದುಕೊಂಡು ಬೆರಳು ಒಂದೊಂದಾಗಿ ಒತ್ತಿದಳು.

"ಎಲ್ಲಾ ಸರಿ, ಆ ಕೊಡ ಯಾಕೆ ಬೇಡ ಅಂದೆ ಪುಟ್ಟಿ? ಗಟ್ಟಿಮುಟ್ಟಾಗಿತ್ತಲ್ಲ."

"ಯಾವ ಕೊಡ?"

ಇಲ್ಲಿ ನಾನು ಬಿರುಗಾಳಿ ಎಬ್ಬಿಸಬಹುದಿತ್ತು. ಟ್ರೇ ಬೀಳಿಸಬಹುದಿತ್ತು. ಅತ್ತಿಗೆ ಏನೂ ಮಾಡಲಿಲ್ಲ. ಏನೋ ಗೊಂದಲ ಮಾಡಿಕೊಂಡೆ ಬಿಡು ಅಂದು, ದಿಂಬು ಸರಿಮಾಡಿ, ಕಾರಿಡಾರಿಗೆ ಬಂದು ಚೀಟಿ ಬಿಚ್ಚಿದಳು. ಈ ಸಲ ಬೆರಳು ಎತ್ತದೆ ಓದಿದಳು. ಕೊಡಬೇಡ.

ಅಲ್ಲಿಂದ ನೇರ ಕೇಂದ್ರಕ್ಕೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ.

೪

ಕೇಂದ್ರವೆಂದರೆ ಮೊದಲು ಗೋಡೌನ್ ಆಗಿದ್ದ ಉದ್ದನೆಯ ಹಾಲು. ಆರು ಮೇಜು. ಹೆಂಗಸರದ್ದು, ಮಕ್ಕಳದ್ದು, ಗಂಡಸರದ್ದು, ಹಾಸಿಗೆ ಹೊದಿಕೆ, ಪಾತ್ರೆ, ಉಳಿದದ್ದು. ನೋಡಿಕೊಳ್ಳುವಾಕೆಯನ್ನು ಎಲ್ಲರೂ ಗುಂಡಿ ಮೇಡಂ ಅನ್ನುತ್ತಾರೆ. ಉಪಯೋಗಕ್ಕೆ ಬಾರದಷ್ಟು ಹರಿದ ಬಟ್ಟೆಯಿಂದಲೂ ಗುಂಡಿ ಬಿಚ್ಚಿ ಬಣ್ಣಬಣ್ಣದ ಬಾಟಲಿಗೆ ತುಂಬುತ್ತಾಳೆ.

ಬೀಗ ಬೆಳಿಗ್ಗೆಯೇ ಒಡೆದಾಗಿತ್ತು. ಪೆಟ್ಟಿಗೆ ಆಗಲೇ ಹೊರಟುಹೋಗಿತ್ತು, ಬಾಡಿಗೆ ಕೋಣೆಯಲ್ಲಿ ಕಾಗದಪತ್ರ ಇಡಲು ಜಾಗವಿಲ್ಲದ ಒಬ್ಬಾಕೆಗೆ. ಕೊಡವೂ ಯಾರ ಹೆಸರಿಗೋ ಎತ್ತಿಟ್ಟಾಗಿತ್ತು. ಪೆಟ್ಟಿಗೆಯ ಒಳಗಿದ್ದದ್ದು ಮೇಜಿನ ಮೇಲೆ ಬೇರೆಯವರ ಸಾಮಾನಿನ ಜೊತೆ ಬೆರೆತುಹೋಗಿತ್ತು, ಯಾವುದು ಅಂತ ಬಿಚ್ಚಿದವರಿಗೂ ನೆನಪಿರಲಿಲ್ಲ.

ಗುಂಡಿ ಮೇಡಂ ಬೈಯುವ ಹೆಂಗಸಲ್ಲ. ಕನ್ನಡಕ ತೆಗೆದಿಟ್ಟು ಹೇಳಿದಳು.

"ಬೀಗ ಹಾಕಿದ್ದನ್ನ ಹಾಗೇ ಕೊಟ್ಟರೆ ಅದು ಕೊಡೋದಲ್ಲಮ್ಮ, ಸಾಗಹಾಕೋದು. ಹೋಗಲಿ. ಏನಿತ್ತು ಅಂತ ಹೇಳಿ, ಹುಡುಕಿ ಕೊಡ್ತೀನಿ. ಶನಿವಾರ ಸಂಜೆ ಆರಕ್ಕೆ ಹಂಚೋ ಗಾಡಿ ಹೊರಡುತ್ತೆ, ಅಲ್ಲೀವರೆಗೂ ಮೇಜಿನ ಮೇಲಿರೋ ಬಟ್ಟೆ ಎಲ್ಲೂ ಹೋಗಲ್ಲ."

ಏನಿತ್ತು? ಅತ್ತಿಗೆಗೆ ಗೊತ್ತಿಲ್ಲ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವಳ ಪೆಟ್ಟಿಗೆಯಲ್ಲಿ ಏನಿತ್ತೆಂದು ಗೊತ್ತಿಲ್ಲ. ಕಂಡರೆ ಗೊತ್ತಾದೀತು ಅಂತ ಹೆಂಗಸರ ಮೇಜಿನ ಮುಂದೆ ನಿಂತಳು. ಒಂದೊಂದು ಸೀರೆ, ಒಂದೊಂದು ಶಾಲು ಎತ್ತಿ ಮೂಸಿದಳು. ಯಾವುದೂ ಪುಟ್ಟಿಯದ್ದು ಅನ್ನಿಸಲಿಲ್ಲ. ಮಕ್ಕಳ ಮೇಜು ನೋಡಿದಳು, ಯಾವುದೋ ಹಳೇ ಆಸೆ ಇತ್ತೇನೋ ಪಾಪ ಅಂತ. ಅದೂ ಅಲ್ಲ. ಗಂಡಸರ ಮೇಜಿನ ಹತ್ತಿರ ಸುಮ್ಮನೆ ನಿಂತಳು. ಕಣ್ಣು ಹಿಂದಿನ ಮೇಜುಗಳ ಕಡೆಗೇ ಇತ್ತು. ಕೈ ಮಾತ್ರ, ಅದರ ಅಭ್ಯಾಸ ಅದಕ್ಕೆ, ಮುದ್ದೆಯಾಗಿ ಬಿದ್ದಿದ್ದ ಅಂಗಿಗಳನ್ನು ಮಡಚತೊಡಗಿತು. ಭುಜಕ್ಕೆ ಭುಜ, ತೋಳು ಹಿಂದಕ್ಕೆ, ಕಾಲರ್ ಮೇಲಕ್ಕೆ.

(ಈ ಕೊನೆಯ ಸಾಲು ಬೇಕಾಗಿರಲಿಲ್ಲ. ಮಡಚುವವಳು ಅಂತ ಹೇಳಿದ್ದೇನೆ, ಒಮ್ಮೆ ಮಡಚಿಸಿ ತೋರಿಸೋಣ ಅಂತ ಸೇರಿಸಿದ್ದು.)

೫

ಈಗ ನಾನೂ ಸಿಕ್ಕಿಬಿದ್ದೆ. ಪೆಟ್ಟಿಗೆಯಲ್ಲಿ ಏನಿತ್ತು ಅಂತ ನನಗೂ ಗೊತ್ತಿಲ್ಲ. ಬರೆಯುವವಳಿಗೆ ಗೊತ್ತಿರಬೇಕು ಅನ್ನುತ್ತೀರಿ. ಬೀಗ ಹಾಕಿದವಳನ್ನು ಕೇಳಿ. ನಾನು ಕೇಳಿದೆ. ಯಾರದ್ದೋ ಪ್ರೇಮಪತ್ರ ಇಡಲೇ ಪುಟ್ಟಿ, ಅಂಚೆಯವಳಿಗೆ ಒಪ್ಪುತ್ತದೆ ಅಂದೆ.

"ನಿಮಗೆ ಕಥೆ ಬೇಕು, ನನಗೆ ಪೆಟ್ಟಿಗೆ ಬೇಕು," ಅಂದಳು ಪುಟ್ಟಿ. "ಕೊಡಬೇಡ ಅಂದದ್ದು ನಿಮಗೂ ಸೇರಿಸಿಯೇ."

ಆಮೇಲೆ ಅತ್ತಿಗೆಯ ಜೊತೆ ಜಗಳ. ನಾನು ಹೇಳಿದೆ, ಈಗಲೇ ಹೇಳಬೇಡ, ಹೊಲಿಗೆ ಮಾಯಲಿ, ಪೆಟ್ಟಿಗೆ ರಿಪೇರಿಗೆ ಕೊಟ್ಟಿದ್ದೇನೆ ಅನ್ನು. ಒಂದು ಸುಳ್ಳಿಗೆ ಕಥೆಯಲ್ಲಿ ಯಾವಾಗಲೂ ಜಾಗ ಇರುತ್ತದೆ. ಅತ್ತಿಗೆ ಒಪ್ಪಲಿಲ್ಲ. ಪೆಟ್ಟಿಗೆಯನ್ನು ಯಾವ ಅಂಗಡಿಯಲ್ಲಿ ರಿಪೇರಿ ಮಾಡುತ್ತಾರೆ ಅಂತ ಕೇಳಿದಳು. ಆಸ್ಪತ್ರೆಯಲ್ಲಿ ಹೇಳಿದರೆ ಅಳುವುದಕ್ಕೂ ಮರೆ ಇಲ್ಲ, ಮನೆಗೆ ಬರಲಿ, ಹೇಳುತ್ತೇನೆ, ಗಾಡಿ ಹೊರಡುವ ಮೊದಲು ಹೇಳುತ್ತೇನೆ ಅಂದಳು. ಹೇಳಿದ ಮೇಲೆ ಅವಳು ಈ ಮನೆ ಬೇಡ ಅಂದರೆ? ಅಂತ ನಾನು ಕೇಳಿದೆ. ಅತ್ತಿಗೆ ಎದ್ದು ಹೋದಳು. ಎರಡು ದಿನ ನನ್ನ ಹಾಳೆಯ ಕಡೆಗೇ ಬರಲಿಲ್ಲ.

೬

ಶನಿವಾರ. ಪುಟ್ಟಿ ಬಂದಳು. ವಾಕರ್ ಹಿಡಿದು ಬಾಗಿಲಿಂದ ಮಂಚದವರೆಗೆ ಹದಿನೇಳು ಹೆಜ್ಜೆ. ಎರಡೂ ಕಡೆ ಗೋಡೆ ಕಾಣುತ್ತಿತ್ತು. ಗೋಡೆಗೆ ಇಂಥ ಬಣ್ಣ ಇತ್ತೇ ಅಂತ ಕೇಳಿದಳು. ಮಂಚದ ಮೇಲೆ ಕೂತು, ಉಸಿರು ತಗೊಂಡು, ಮೆಲ್ಲಗೆ ಬಗ್ಗಿ ಮಂಚದ ಕೆಳಗೆ ನೋಡಿದಳು.

ಅತ್ತಿಗೆ ಹೇಳಿಬಿಟ್ಟಳು. ಪೆಟ್ಟಿಗೆ ಕೊಟ್ಟುಬಿಟ್ಟೆ ಪುಟ್ಟಿ, ಜೊತೆಗೆ ಕೊಡವನ್ನೂ, ಅಂತ ಚೀಟಿ ಮುಂದಿಟ್ಟಳು.

ಪುಟ್ಟಿ ಚೀಟಿ ಓದಿದಳು. ಮೊದಲು ಬಂದದ್ದು ನಗು. ಸೊಂಟ ಹಿಡಿದುಕೊಂಡು ನಕ್ಕಳು. ನಿನ್ನ ಕೊಡ ಹೋಯಿತಲ್ಲೇ ಅತ್ತಿಗೆ ಅಂತ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಕೈ ಹಾಗೇ ಮುಖದ ಮೇಲೆ ನಿಂತಿತು.

"ಏನಿತ್ತು ಹೇಳು, ಬರ್ಕೋತೀನಿ," ಅಂದಳು ಅತ್ತಿಗೆ. ಪೆನ್ನು ತೆರೆದು ಹಿಡಿದಿದ್ದಳು. "ಈಗ ಐದು ಗಂಟೆ. ಆರಕ್ಕೆ ಗಾಡಿ. ಅರ್ಧ ಗಂಟೆ ದಾರಿ. ಗಾಡಿ ತುಂಬೋ ಹೊತ್ತಲ್ಲಿ ಅಲ್ಲಿ ಯಾರೂ ಫೋನು ಎತ್ತಲ್ಲ."

ಪುಟ್ಟಿ ಕೈ ತೆಗೆಯದೆ ಹೇಳಿದಳು.

"ಅಣ್ಣನ ಅಂಗಿ."

(ಈ ಸಾಲು ನನ್ನದಲ್ಲ. ಇದು ಬರುತ್ತದೆ ಅಂತ ಗೊತ್ತಿದ್ದರೆ ನಾಲ್ಕನೇ ಭಾಗವನ್ನು ಬೇರೆ ಥರ ಬರೆಯುತ್ತಿದ್ದೆ.)

"ಒಂದನ್ನೂ ನನ್ನ ಕಣ್ಣಿಗೆ ಬೀಳಿಸಬೇಡ, ಎಲ್ಲಾ ಕೊಟ್ಟುಬಾ ಅಂದೆ ನೀನು. ಕೊಟ್ಟುಬಂದೆ ಅಂದೆ ನಾನು. ಕೊಡಲಿಲ್ಲ. ಹನ್ನೊಂದು ಅಂಗಿ, ಒಂದು ಸ್ವೆಟರು. ಅವನು ನಿನಗೆ ಗಂಡ ಆಗೋ ಮೊದಲು ನನಗೆ ಅಣ್ಣ, ಅತ್ತಿಗೆ. ನಿನಗೇನು ಬೇಕು ಪುಟ್ಟಿ ಅಂತ ಆವತ್ತು ಯಾರೂ ಕೇಳಲಿಲ್ಲ. ನೀನೂ."

ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಹನ್ನೊಂದು ವರ್ಷದಿಂದ ಅವಳಿಗೂ ಒಂದು ಮಾತು ಗಂಟಲಲ್ಲಿತ್ತು. ಕೊಟ್ಟುಬಾ ಅಂದ ಮರುದಿನವೇ, ಒಂದಾದರೂ ಇಟ್ಟುಕೊಳ್ಳಬೇಕಿತ್ತು ಅನ್ನಿಸಿತ್ತು. ಯಾರಿಗೆ ಕೊಟ್ಟೆ ಅಂತ ಪುಟ್ಟಿಯನ್ನು ಕೇಳಲು ಮುಖವಿರಲಿಲ್ಲ. ಅಂಗಿಗಳು ಅವಳು ಮಲಗುವ ಗೋಡೆಯ ಆಚೆ ಬದಿಗೇ ಇದ್ದವು.

ಆ ಮಾತನ್ನು ಅವಳು ಈಗ ಹೇಳಿದಳು. ಅದಕ್ಕಿಂತ ಕಷ್ಟದ್ದು ಆಮೇಲೆ ನೆನಪಾಯಿತು.

"ಮುಟ್ಟಿದೆ ಪುಟ್ಟಿ. ಗುರುವಾರ. ಮಡಚಿ ಇಟ್ಟುಬಂದೆ. ಗೊತ್ತಾಗಲಿಲ್ಲ ನನಗೆ. ಇಪ್ಪತ್ತಾರು ವರ್ಷದ ಅಭ್ಯಾಸ, ಈ ಕೈ ಅಂಗೀನ ನೋಡಲ್ಲ, ಕಾಲರ್ ನೋಡುತ್ತೆ."

ಪುಟ್ಟಿ ಮುಖದಿಂದ ಕೈ ತೆಗೆದಳು. ಗಂಡನ ಅಂಗಿ ಗುರುತಿಸದವಳು ಅಂತ ಅನ್ನಬಹುದಿತ್ತು. ನಾನಾಗಿದ್ದರೆ ಬಹುಶಃ ಅನ್ನುತ್ತಿದ್ದೆ.

ಅಂತ್ಯಗಳು

ಐದು ಗಂಟೆ ಹತ್ತು ನಿಮಿಷ. ಓದುವವರು ಕಾಯುತ್ತಿದ್ದೀರಿ. ಹೊಂದುವುದನ್ನು ಆರಿಸಿಕೊಳ್ಳಿ ಅಂತ ಮೂರು ಅಂತ್ಯ ಹೊಲಿದು ತಂದಿದ್ದೇನೆ.

ಅ) ಅತ್ತಿಗೆ ಆಟೋ ಹಿಡಿಯುತ್ತಾಳೆ. ಗಾಡಿಯ ಬಾಗಿಲು ಮುಚ್ಚುವ ಹೊತ್ತಿಗೆ ತಲುಪುತ್ತಾಳೆ. ಹನ್ನೊಂದಕ್ಕೆ ಹನ್ನೊಂದೂ ಸಿಗುತ್ತವೆ.
ಪುಟ್ಟಿಯ ಆಕ್ಷೇಪಣೆ: ಗಾಡಿಗಾಗಿ ಕಾದಿರುವ ಕಡೆ ಹನ್ನೊಂದು ಜನ ಗಂಡಸರು ಬರಿಮೈಯಲ್ಲಿ ಕೂತಿರುತ್ತಾರೆ, ಅವರಿಗೆ ಯಾರು ಉತ್ತರ ಹೇಳುತ್ತಾರೆ.

ಆ) ಕೆಲವು ತಿಂಗಳ ನಂತರ ಬಸ್‌ಸ್ಟಾಪಿನಲ್ಲಿ ಯಾರೋ ಒಬ್ಬ, ಮೈಮೇಲೆ ಅತ್ತಿಗೆಯ ಗಂಡನ ಚೌಕಳಿ ಅಂಗಿ. ಅತ್ತಿಗೆ ಹತ್ತಿರ ಹೋಗಿ ಅವನ ಕಾಲರ್ ಸರಿಮಾಡುತ್ತಾಳೆ. (ಇದನ್ನು ಬರೆಯುವಾಗ ನಾನು ಅತ್ತುಬಿಟ್ಟೆ.)
ಅತ್ತಿಗೆಯ ಆಕ್ಷೇಪಣೆ: "ಗುರುತಿಲ್ಲದ ಗಂಡಸಿನ ಕುತ್ತಿಗೆಗೆ ಕೈ ಹಾಕ್ತೀನಾ ನಾನು? ನಾಲ್ಕು ಜನದ ಮುಂದೆ ಮರ್ಯಾದೆ ಕಳೀತೀಯಲ್ಲ ಅಕ್ಕಾ."

ಇ) ಉಳಿದದ್ದೆಲ್ಲ ಹೋಗಲಿ, ಒಂದು ಮಾತ್ರ ಇಟ್ಟುಕೊಳ್ಳೋಣ ಅಂತ ಇಬ್ಬರೂ ಒಪ್ಪುತ್ತಾರೆ.
ಇದು ನಡೆಯಬಹುದಿತ್ತು. ಆದರೆ ಯಾವುದು ಅನ್ನುವಲ್ಲಿಗೆ ಬಂದಾಗ ಪುಟ್ಟಿ ಸ್ವೆಟರು ಅಂದಳು, ಅತ್ತಿಗೆ ಚೌಕಳಿ ಅಂದಳು. ಸ್ವೆಟರು ಅವರಿಗೆ ಚುಚ್ಚುತ್ತಿತ್ತು ಅಂತ ಅತ್ತಿಗೆ, ಅದನ್ನು ಹೆಣೆದವಳು ನಾನು ಅಂತ ಪುಟ್ಟಿ. ಹಾಳೆ ಮಡಚಿಟ್ಟೆ.

ಐದು ಇಪ್ಪತ್ತು

ಅತ್ತಿಗೆ ಎದ್ದು ಚಪ್ಪಲಿ ಹಾಕಿಕೊಂಡಳು. ಹೋಗಿ ಬರಲೇ ಅಂತ ಕೇಳಲಿಲ್ಲ, ಹೋಗುತ್ತೇನೆ ಅಂತಲೂ ಅನ್ನಲಿಲ್ಲ. ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದಳು. ಹನ್ನೊಂದು ವರ್ಷ ತಡವಾಗಿ ಕೇಳಿದಳು.

"ನಿನಗೇನು ಬೇಕು ಪುಟ್ಟಿ?"

ಪುಟ್ಟಿ ಬಹಳ ಹೊತ್ತು ಯೋಚಿಸಿದಳು. ವಿಳಾಸ ಮಸುಕಾದ ಕಾಗದವನ್ನು ಬೆಳಕಿಗೆ ಹಿಡಿದು ನೋಡುವಾಗ ಹೀಗೇ ಕೂತಿರುತ್ತಿದ್ದಳೇನೋ. ಬೇಕಾದೀತು ಅಂತ ಮೂವತ್ತು ವರ್ಷ ಕೂಡಿಟ್ಟವಳನ್ನು ಈಗ ಏನು ಬೇಕು ಅಂತ ನೇರವಾಗಿ ಕೇಳಿದರೆ ಅವಳಾದರೂ ಏನು ಹೇಳಬೇಕು.

"ಹೋಗು ಅನ್ನೋಕೂ ಬಾಯಿ ಬರ್ತಿಲ್ಲ, ಬೇಡ ಅನ್ನೋಕೂ ಬರ್ತಿಲ್ಲ. ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋ ಅತ್ತಿಗೆ."

ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. ಚಪ್ಪಲಿ ಕಾಲಲ್ಲೇ ಇದೆ. ಐದು ಇಪ್ಪತ್ತೈದು. ಈಗ ಎದ್ದರೆ ಗಾಡಿ ಸಿಗುತ್ತದೆ. ಇನ್ನೈದು ನಿಮಿಷ ಕೂತರೆ ಸಿಗಲೂಬಹುದು, ಸಿಗದೆಯೂ ಇರಬಹುದು. ಗುಂಡಿ ಮೇಡಂ ಸ್ವಲ್ಪ ಕಾಯಲೂಬಹುದು, ಮೆತ್ತನೆಯ ಮನಸ್ಸಿನವಳು. ಇದನ್ನೆಲ್ಲ ಬರೆಯುವುದು ನನ್ನ ಕೈಯಲ್ಲಿದೆ ಅಂತ ನೀವು ಅಂದುಕೊಂಡಿದ್ದೀರಿ.

"ಹೇಗೆ ಮಡಚಿದೆ?" ಅಂತ ಕೇಳಿದಳು ಪುಟ್ಟಿ.

"ಭುಜಕ್ಕೆ ಭುಜ ಕೂಡಿಸಿ."

"ಸುಕ್ಕು?"

"ಒಂದೂ ಬಿಡಲಿಲ್ಲ."

ಹಾಗಾದರೆ ಸರಿ ಅನ್ನುವ ಹಾಗೆ ಪುಟ್ಟಿ ತಲೆಯಾಡಿಸಿದಳು. ಯಾವುದು ಸರಿ ಅಂತ ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ಇವರನ್ನು ಎಬ್ಬಿಸಿ ಒಂದು ಕಡೆಗೆ ಹೊರಡಿಸದಿದ್ದರೆ ಕಥೆ ಮುಗಿಯುವುದಿಲ್ಲ, ಬಲ್ಲೆ. ನಿಮಗೆ ಅವಸರವಿದ್ದರೆ ನೀವೇ ಎಬ್ಬಿಸಿ. ನನ್ನಿಂದ ಆಗುವುದಿಲ್ಲ.